ಗುರುತು ಹಾಕಿದ ಕಡೆ

ಆ ಮನೆಯಲ್ಲಿ ಕಾಗದ ಓದಿ ಸಹಿ ಹಾಕುವ ಅಭ್ಯಾಸ ಯಾರಿಗೂ ಇರಲಿಲ್ಲ. ಓದುವುದು ಅಮ್ಮನ ಕೆಲಸ. ನೋಂದಣಿ ಕಚೇರಿಯ ವರಾಂಡದಲ್ಲಿ ಒಂದು ಮೇಜು, ಎರಡು ಸ್ಟೂಲು ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಊರವರ ಅರ್ಜಿಗಳನ್ನು ತುಂಬಿಕೊಡುತ್ತಿದ್ದ ಅವಳಿಗೆ ಮನೆಯವರ ಅರ್ಜಿ ಯಾವ ಲೆಕ್ಕ? ರಾತ್ರಿ ಊಟಕ್ಕೆ ಕೂತಾಗ ತಟ್ಟೆಗಳ ನಡುವೆ ಕಾಗದ ಜಾರಿಸುತ್ತಿದ್ದಳು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣದೊಂದು ಗುಣಿಸುವ ಗುರುತು.

"ಗುರುತು ಹಾಕಿದ ಕಡೆ ಹಾಕು," ಅಂದರೆ ಮುಗಿಯಿತು. ಲಿಫ್ಟ್ ರಿಪೇರಿ ಮಾಡುವ ಅಪ್ಪ ಬೆರಳಿನ ಗ್ರೀಸು ಒರೆಸಿಕೊಂಡು ಹಾಕುತ್ತಿದ್ದ. ಅಜ್ಜಿ ಮೂರೇ ಅಕ್ಷರ, ಅದೂ ಒಂದೊಂದು ಒಂದೊಂದು ದಿಕ್ಕಿಗೆ. ಸೋಫಾ ಹೊಲಿಯುವ ಅಣ್ಣ, ತನ್ನ ಹಸ್ತಾಕ್ಷರಕ್ಕೆ ಹೊರಗೆ ಜನ ಕಾದಿದ್ದಾರೆ ಅನ್ನುವ ಹಾಗೆ ಉದ್ದಕ್ಕೆ ಗೀಚುತ್ತಿದ್ದ. ಎಲ್ಲರದೂ ಆದಮೇಲೆ ಅಮ್ಮ ರಬ್ಬರಿನಿಂದ ಗುರುತು ಅಳಿಸಿ, ಫೂ ಎಂದು ಊದಿ, ಕಾಗದ ಎತ್ತಿಟ್ಟು ಅನ್ನ ಬಡಿಸುತ್ತಿದ್ದಳು. ಯಾರಾದರೂ ಎಂದಾದರೂ "ಇದೇನು ಕಾಗದ?" ಎಂದು ಕೇಳಿದ್ದುಂಟೆ? ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆಯ ಕಿರಿಮಗಳಿಗೆ ಎಲ್ಲರೂ ಕರೆಯುವುದು ಮರಿ ಎಂದೇ. ಮರಿಗೆ ಇಪ್ಪತ್ತೊಂದು ವರ್ಷ. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ. ಮೇಣದಲ್ಲಿ ಒಸಡು ತಿದ್ದುವುದು, ಅದರಲ್ಲಿ ಹಲ್ಲು ಒಂದೊಂದೇ ಕೂರಿಸುವುದು. ಸೇರಿ ಹನ್ನೊಂದು ತಿಂಗಳಾಗಿತ್ತು. ಹನ್ನೊಂದು ತಿಂಗಳೂ ಸಂಬಳದ ಮೂರನೇ ಒಂದು ಭಾಗವನ್ನು ಅಮ್ಮನ ಕೈಗೆ ಕೊಟ್ಟಿದ್ದಳು, ಮನೆ ಖರ್ಚಿಗೆಂದು. ಕೊಡುವಾಗ ಅವಳ ಮುಖ ನೋಡಬೇಕಿತ್ತು, ಮನೆಯನ್ನೆಲ್ಲ ತಾನೇ ಹೊತ್ತಿರುವ ಹಾಗೆ.

ಒಂದು ಭಾನುವಾರ ಮಧ್ಯಾಹ್ನ ಊಟದ ನಡುವೆ ಅವಳು ವಿಷಯ ತೆಗೆದಳು.

"ನಾನೊಂದು ರೂಮ್ ನೋಡಿದೀನಿ. ಲ್ಯಾಬಿಂದ ನಡ್ಕೊಂಡೇ ಹೋಗ್ಬಹುದು. ಹೆಂಗಸರ ಹೇರ್‌ಕಟಿಂಗ್ ಅಂಗಡಿ ಇದೆಯಲ್ಲ, ಅದರ ಮೇಲೆ."

"ಇಲ್ಲಿ ನಿನಗೇನು ಕಮ್ಮಿಯಾಗಿದೆ?" ಅಂದಳು ಅಜ್ಜಿ. ಬಾಯಲ್ಲಿ ಹಲ್ಲಿಲ್ಲದ್ದರಿಂದ 'ಕಮ್ಮಿಯಾಗಿದೆ' ಎನ್ನುವುದು 'ಕಮ್ಮಿಯಾಗಿಹೆ' ಆಗಿ ಬಂತು.

"ಜಾಗ ಅಜ್ಜಿ. ಇಪ್ಪತ್ತೊಂದು ವರ್ಷದಿಂದ ನಿನ್ನ ಗೊರಕೆ ಕೇಳ್ತಿದೀನಿ."

"ಅದಕ್ಕೇ ಅಷ್ಟು ಚೆನ್ನಾಗಿ ನಿದ್ದೆ ಮಾಡ್ತೀಯ."

ಅಣ್ಣ ನಕ್ಕ. ಅಪ್ಪನೂ ನಕ್ಕ. ಅಮ್ಮ ಮಾತ್ರ ಆಲೂಗಡ್ಡೆಯ ಪಾತ್ರೆಗೆ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಹತ್ತು ತಿಂಗಳು ತಡಿ," ಅಂದಳು. "ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು."

"ಯಾಕೆ ಹತ್ತೇ ತಿಂಗಳು? ಅದೇನು ಲೆಕ್ಕ?"

"ಸುಮ್ನೆ ಹೇಳ್ದೆ. ಇನ್ನೊಂಚೂರು ದುಡ್ಡು ಕೂಡಿಹಾಕು ಅಂತ."

ಮರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ರೂಮು ಅವಳ ತಲೆ ಹೊಕ್ಕುಬಿಟ್ಟಿತ್ತು. ದೊಡ್ಡದೇನಲ್ಲ. ಒಂದು ಮಂಚ, ಒಂದು ಒಲೆ, ಕೆಳಗಿನಿಂದ ಬರುವ ಶಾಂಪೂ ವಾಸನೆ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಮನೆಯಲ್ಲಿ ಚಿಲಕವಿದ್ದದ್ದು ಬಚ್ಚಲಿಗೆ ಮಾತ್ರ, ಆ ಬಾಗಿಲನ್ನೂ ಅಣ್ಣ ಐದು ನಿಮಿಷಕ್ಕೊಮ್ಮೆ ಬಡಿಯುತ್ತಿದ್ದ.

ಮರುವಾರ ಗ್ರಂಥಾಲಯದ ಮಹಡಿಯಲ್ಲಿ ಪುಕ್ಕಟೆ ಪಾಠ ಶುರುವಾಯಿತು. 'ಮೊದಲ ಸಂಬಳ, ಮೊದಲ ಮನೆ' ಎಂದು ಬಾಗಿಲಿಗೆ ಹಾಳೆ ಅಂಟಿಸಿದ್ದರು. ಐದು ಬುಧವಾರ, ಸಂಜೆ ಆರಕ್ಕೆ. ಕಲಿಸುವಾಕೆ ಬ್ಯಾಂಕಿನಿಂದ ನಿವೃತ್ತಳಾದವಳು. ಎಲ್ಲರೂ ಬ್ಯಾಂಕ್ ಮೇಡಂ ಎನ್ನುತ್ತಿದ್ದರು. ಬಂದವರು ಹನ್ನೊಂದು ಜನ. ಅವರಲ್ಲಿ ಇಬ್ಬರು ಬಂದದ್ದು ಫ್ಯಾನಿನ ಗಾಳಿಗೆ.

"ಹೋದ ತಿಂಗಳ ಸಂಬಳ ಎಲ್ಲೆಲ್ಲಿ ಹೋಯ್ತು, ಬರೀರಿ," ಅಂದಳು ಬ್ಯಾಂಕ್ ಮೇಡಂ. "ಸುಳ್ಳು ಬರೆದ್ರೆ ನನಗೇನೂ ನಷ್ಟ ಇಲ್ಲ."

ಮರಿ ಬರೆದಳು. ಅಮ್ಮನಿಗೆ ಇಷ್ಟು, ಬಸ್ಸಿಗೆ ಇಷ್ಟು, ಫೋನಿಗೆ ಇಷ್ಟು. ಕೊನೆಗೆ ಒಂದು ದೊಡ್ಡ ತೂತು ಉಳಿಯಿತು. ಅದಕ್ಕೆ 'ತಿಂಡಿ ಮತ್ತು ಗೊತ್ತಿಲ್ಲ' ಎಂದು ಬರೆದಳು. ಬ್ಯಾಂಕ್ ಮೇಡಂ ಅದನ್ನು ಜೋರಾಗಿ ಓದಿ, "ಇಡೀ ಕ್ಲಾಸಲ್ಲಿ ಪ್ರಾಮಾಣಿಕಳು ಇವಳೊಬ್ಬಳೇ," ಅಂದಳು.

ಮೂರು ತಿಂಗಳು ಕೆಲಸವಿಲ್ಲದೆ ಬದುಕುವಷ್ಟು ದುಡ್ಡು ಮೊದಲು ಬೇರೆ ಇಡಿ, ಆಮೇಲೆ ಹೊಸ ಫೋನಿನ ಮಾತು, ಬಾಡಿಗೆ ಸಂಬಳದ ಮೂರನೇ ಒಂದು ಭಾಗ ದಾಟಿದರೆ ಆ ಮನೆ ನಿಮ್ಮದಲ್ಲ, ಹೀಗೆಲ್ಲ ಹೇಳಿ, ಕೊನೆಗೆ ಮನೆಗೆಲಸ ಕೊಟ್ಟಳು. "ನಿಮ್ಮ ನಿಮ್ಮ ಸಾಲದ ವರದಿ ತರಿಸ್ಕೊಂಡು ಬನ್ನಿ. ವರ್ಷಕ್ಕೊಂದು ಸಲ ಪುಕ್ಕಟೆ ಸಿಗತ್ತೆ. ನಿಮ್ಮ ಹೆಸರಲ್ಲಿ ಯಾವ ಸಾಲ ಇದೆ, ಯಾವಾಗ ಕಟ್ಟಿದೀರಿ, ಯಾವಾಗ ಕಟ್ಟಿಲ್ಲ, ಎಲ್ಲ ಅದ್ರಲ್ಲಿರತ್ತೆ. ಮನೆ ಬಾಡಿಗೆಗೆ ಕೊಡೋರು ಈಗ ಮೊದ್ಲು ಕೇಳೋದೇ ಅದನ್ನ."

"ನಾನು ಸಾಲಾನೇ ಮಾಡಿಲ್ಲ ಮೇಡಂ," ಅಂದಳು ಮರಿ.

"ಹಾಗಿದ್ರೆ ಖಾಲಿ ಹಾಳೆ ಬರತ್ತೆ. ಅದನ್ನೇ ತಗೊಂಡು ಬಾ."

ಬಂದದ್ದು ಎರಡು ಪುಟ.

ಲ್ಯಾಬಿನಲ್ಲಿ ಮಧ್ಯಾಹ್ನದ ಬಿಡುವು. ಮರಿ ಅಜ್ಜಿಯ ಹಲ್ಲಿನ ಸೆಟ್ಟು ಮುಂದಿಟ್ಟುಕೊಂಡಿದ್ದಳು. ಕೆಲಸಗಾರರ ಮನೆಯವರಿಗೆ ಅರ್ಧ ಬೆಲೆ. "ತುಂಬಾ ಬೆಳ್ಳಗೆ ಬೇಡ, ಜನ ಕಟ್ಟಿಸ್ಕೊಂಡಿದಾಳೆ ಅಂತಾರೆ," ಎಂದು ಅಜ್ಜಿ ತಾಕೀತು ಮಾಡಿದ್ದಳು. ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ಮರಿ ಫೋನು ತೆರೆದಳು. ಯಂತ್ರ ಸಾಲ. ಮೂರು ವರ್ಷ ಎರಡು ತಿಂಗಳ ಹಿಂದೆ. ನಲವತ್ತೆಂಟು ಕಂತು. ಮೂವತ್ತೆಂಟು ಕಟ್ಟಿದ್ದು, ಹತ್ತು ಬಾಕಿ. ತಡವಾಗಿ ಕಟ್ಟಿದ್ದು ಏಳು ಸಲ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ 'ದುರ್ಬಲ'.

ಹೆಸರು ಅವಳದೇ. ಹುಟ್ಟಿದ ದಿನ ಅವಳದೇ. ಮನೆ ನಂಬರು, ಬೀದಿ, ಎಲ್ಲ ಅವಳದೇ. ಬ್ರೆಡ್ಡು ಬಾಯಲ್ಲೇ ಉಳಿಯಿತು. ಯಾರೋ ಕಳ್ಳರು ಎಂದುಕೊಂಡಳು. ಮನೆಯವರನ್ನು ಬಿಟ್ಟು ಲೋಕದಲ್ಲಿರುವ ಎಲ್ಲರ ಮೇಲೂ ಅವಳಿಗೆ ಅನುಮಾನ ಬಂತು.

ಸಂಜೆ ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಮರಿ ಪಕ್ಕದಲ್ಲಿ ಕೂತು ಫೋನು ತೋರಿಸಿದಳು. ಅಪ್ಪ ಕನ್ನಡಕ ಹುಡುಕಿದ. ಅದು ಜೇಬಿನಲ್ಲೇ ಇತ್ತು. ಓದಿದ ಮೇಲೂ ಬಹಳ ಹೊತ್ತು ಪರದೆಯನ್ನೇ ನೋಡಿದ.

"ಕಂಪ್ಯೂಟರ್ ತಪ್ಪಿರತ್ತೆ ಬಿಡು. ನಮ್ಮ ಲಿಫ್ಟ್‌ಗಳೂ ಹಾಗೇ, ಮೂರನೇ ಮಹಡಿ ಒತ್ತಿದ್ರೆ ಐದಕ್ಕೆ ಹೋಗ್ತಾವೆ."

"ಅಮ್ಮನ್ನ ಕೇಳ್ಲಾ? ಅವಳಿಗೆ ಇದೆಲ್ಲ ಗೊತ್ತಿರತ್ತೆ."

"ಬೇಡ ಬೇಡ. ಸುಮ್ನೆ ಗಾಬರಿ ಆಗ್ತಾಳೆ. ನಾನು ನೋಡ್ತೀನಿ ಇರು."

"ನಿನಗೇನಾದ್ರೂ ಗೊತ್ತಾಪ್ಪಾ?"

"ನಂಗೇನು ಗೊತ್ತು," ಅಂದ ಅಪ್ಪ, ಇನ್ನೊಂದು ಬೂಟು ಎತ್ತಿಕೊಳ್ಳುತ್ತ.

ಮರಿಗೆ ಹಗುರವಾಯಿತು. ಅಪ್ಪ ನೋಡುತ್ತೇನೆ ಅಂದ ಮೇಲೆ ನೋಡುತ್ತಾನೆ. ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೂ ಹೊರಗಿನಿಂದ ಅವನು ಇದೇ ಧಾಟಿಯಲ್ಲಿ ಸಮಾಧಾನ ಹೇಳುತ್ತಿದ್ದನಂತೆ.

ಹತ್ತು ದಿನ ಕಳೆಯಿತು. ಅಜ್ಜಿಯ ಹಲ್ಲು ತಯಾರಾಗಿ ಮನೆಗೆ ಬಂತು. ಅಜ್ಜಿ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ಒಂದು ಗಂಟೆ ಕೂತಳೇ ಹೊರತು ಬಾಯಿ ಬಿಡಲಿಲ್ಲ, ಮಾತಾಡಿದರೆ ಎಲ್ಲಿ ಉದುರುತ್ತದೋ ಎಂದು. ಅಪ್ಪ ಏನನ್ನೂ ನೋಡಲಿಲ್ಲ. ಕೇಳಿದಾಗಲೆಲ್ಲ "ಹೇಳಿದೀನಿ ಒಬ್ರಿಗೆ," ಎನ್ನುತ್ತಿದ್ದ. ಆ ಒಬ್ಬರು ಯಾರೆಂದು ಹೇಳಲಿಲ್ಲ.

ಅಷ್ಟರಲ್ಲಿ ಹೇರ್‌ಕಟಿಂಗ್ ಅಂಗಡಿಯಾಕೆ ಮುಂಗಡದ ಮಾತೆತ್ತಿದಳು. ಕೈಯಲ್ಲಿ ಕತ್ತರಿ, ಕುರ್ಚಿಯಲ್ಲಿ ಒದ್ದೆ ಕೂದಲಿನ ಗಿರಾಕಿ.

"ನಿನ್ನ ನೋಡಿದ್ರೆ ಒಳ್ಳೆ ಹುಡುಗಿ ಅನ್ಸತ್ತೆ. ಆದ್ರೆ ಹಿಂದಿನವನೂ ಹಾಗೇ ಅನಿಸ್ತಿದ್ದ. ನಾಲ್ಕು ತಿಂಗಳ ಬಾಡಿಗೆ ಮುಳುಗಿಸಿ ಹೋದ. ತಿಂಗಳ ಕೊನೆಯೊಳಗೆ ಮುಂಗಡ ತಾ, ಸಾಲದ ವರದಿ ತಾ. ಇಲ್ದಿದ್ರೆ ಒಬ್ಬಳು ನರ್ಸ್ ಕೇಳ್ತಿದಾಳೆ."

"ವರದೀಲಿ ಒಂದು ಸಣ್ಣ ತಪ್ಪಾಗಿದೆ ಅಕ್ಕಾ. ಸರಿಮಾಡಿಸಿ ತರ್ತೀನಿ."

"ಸರಿಯಾದ್ಮೇಲೇ ತಾ."

ತಿಂಗಳ ಕೊನೆಗೆ ಒಂಬತ್ತು ದಿನವಿತ್ತು. ಮರಿ ಅರ್ಧ ದಿನ ರಜೆ ಹಾಕಿ ಸಾಲ ಕೊಟ್ಟ ಕಂಪನಿಯ ಕಚೇರಿಗೆ ತಾನೇ ಹೊರಟಳು. ಅದು ಇದ್ದದ್ದು ನೋಂದಣಿ ಕಚೇರಿಯ ಹಿಂದಿನ ಬೀದಿಯಲ್ಲಿ. ಹತ್ತಿರದ ದಾರಿ ವರಾಂಡದ ಮುಂದಿನಿಂದಲೇ. ಅಮ್ಮನ ಸ್ಟೂಲಿನ ಮೇಲೆ ಒಬ್ಬ ಮುದುಕ ಪೆನ್ನು ಹಿಡಿದು ತವಕದಲ್ಲಿ ಕೂತಿದ್ದ.

"ಎಲ್ಲಿ ಹಾಕ್ಲಿ ಹೇಳಮ್ಮಾ, ಬಸ್ಸಿಗೆ ಹೊತ್ತಾಯ್ತು."

"ಬಸ್ಸು ಇನ್ನೊಂದು ಬರತ್ತೆ ತಾತ," ಅಂದಳು ಅಮ್ಮ. "ಓದದೆ ಸಹಿ ಹಾಕ್ಬಾರದು. ನಾನು ಓದಿ ಹೇಳ್ತೀನಿ, ಕೇಳಿ. ಸಹಿಯ ಈ ನಾಲ್ಕು ಅಕ್ಷರ ಮಾತ್ರ ತಾನೆ ನಮ್ಮದು ಅಂತ ಇರೋದು?"

ಕಂಬದ ಮರೆಯಲ್ಲಿ ನಿಂತು ಕೇಳಿದ ಮರಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಇಂಥ ಅಮ್ಮನಿಗೆ ಹೇಳದೆ ಬಂದೆನಲ್ಲ ಎಂದು ನಾಚಿಕೆಯೂ ಆಯಿತು. ಕೆಲಸ ಮುಗಿಸಿ ಬಂದು ಇಬ್ಬರೂ ಚಹಾ ಕುಡಿಯೋಣ ಎಂದುಕೊಂಡು ಮುಂದೆ ಹೋದಳು.

ಕಂಪನಿಯ ಗುಮಾಸ್ತ ಕಡತ ತೆಗೆಯಲು ಮುಕ್ಕಾಲು ಗಂಟೆ ತೆಗೆದುಕೊಂಡ. ನೆರಳಚ್ಚು ಪ್ರತಿಯನ್ನು ಗಾಜಿನ ಕಿಂಡಿಯಿಂದ ಈಚೆ ತಳ್ಳಿ, "ಇದು ನಿಮ್ಮ ಸಹಿ ತಾನೆ?" ಎಂದ.

ಸಹಿ ಅವಳದೇ. ಅನುಮಾನವಿರಲಿಲ್ಲ. ಹದಿನೆಂಟು ತುಂಬಿದ ವಾರ, ಹೊಸದಾಗಿ ಅಭ್ಯಾಸ ಮಾಡಿಕೊಂಡಿದ್ದ ಬಾಲವಿರುವ ಸಹಿ. ಅರ್ಜಿ ತುಂಬಿದ್ದು ದುಂಡನೆಯ, ತಲೆಕಟ್ಟು ಬಿಡದ ಅಕ್ಷರದಲ್ಲಿ. ಶಾಲೆಯ ಡಬ್ಬಿಯ ಮೇಲೆ, ಔಷಧಿ ಬಾಟಲಿಯ ಮೇಲೆ, ಅವಳ ಪುಸ್ತಕಗಳ ಹೆಸರುಚೀಟಿಯ ಮೇಲೆ ಅವಳು ಕಂಡು ಬೆಳೆದ ಅಕ್ಷರ. ಉದ್ಯೋಗ: ಪಾಲುದಾರಳು, ಸೋಫಾ ಕೆಲಸ. ಯಂತ್ರ: ದಪ್ಪ ಹೊಲಿಗೆಯದು, ಒಂದು. ಸಾಮಾನು ಸಾಗಿಸುವ ಹಳೆಯ ವ್ಯಾನು, ಒಂದು. ಮೊದಲ ನಾಲ್ಕು ಪುಟದಲ್ಲಿ ಸಹಿಯ ಪಕ್ಕ ಏನೂ ಇರಲಿಲ್ಲ. ಐದನೆಯದರಲ್ಲಿ ಮಾತ್ರ ಪೆನ್ಸಿಲಿನ ಗುಣಿಸುವ ಗುರುತು ಹಾಗೇ ಉಳಿದಿತ್ತು. ಆತುರದಲ್ಲಿ ಅಮ್ಮ ಅಳಿಸಲು ಮರೆತದ್ದು ಅದೊಂದೇ.

ಆ ಸಂಜೆ ಮರಿಗೆ ನೆನಪಾಯಿತು. ಬ್ಯಾಂಕ್ ಖಾತೆಯ ಅರ್ಜಿ ಎಂದು ಅಮ್ಮ ಹೇಳಿದ್ದಳು. ಬ್ಯಾಂಕ್ ಖಾತೆಯದೂ ಇತ್ತು, ಅದರ ಜೊತೆಗೆ ಇದು. ದೊಡ್ಡವಳಾದೆ ಎಂದು ಅಮ್ಮ ಹೊಸ ಪೆನ್ನು ಕೊಟ್ಟಿದ್ದಳು. ಅದೇ ಪೆನ್ನಿನಲ್ಲಿ ಮರಿ ಉಬ್ಬಿ ಉಬ್ಬಿ ಸಹಿ ಹಾಕಿದ್ದಳು.

"ಸಾಕ್ಷಿ ಸಹಿ ನೋಡಿ," ಎಂದ ಗುಮಾಸ್ತ, ಸಹಾಯ ಮಾಡುವವನ ಹಾಗೆ. "ನಿಮ್ಮ ತಂದೆಯವರದು."

ಚಹಾ ಕುಡಿಯಲು ಅವಳು ವರಾಂಡಕ್ಕೆ ಹೋಗಲಿಲ್ಲ. ಆ ಕಡೆಯ ಬೀದಿಯನ್ನೇ ಬಿಟ್ಟು ಸುತ್ತುಹಾಕಿ ಲ್ಯಾಬಿಗೆ ಹೋದಳು. ಅವತ್ತು ಅವಳು ಕೂರಿಸಿದ ಮುಂದಿನ ಹಲ್ಲೆರಡು ಸೊಟ್ಟಗಾಗಿ, ಯಜಮಾನ ಮೇಣ ಕರಗಿಸಿ ಮತ್ತೆ ಮಾಡಿಸಿದ.

ರಾತ್ರಿ ಊಟಕ್ಕೆ ಮೀನು, ಅನ್ನ. ಎಲ್ಲರೂ ಕೂತ ಮೇಲೆ ಮರಿ ಐದು ಹಾಳೆಗಳನ್ನೂ ತಟ್ಟೆಗಳ ನಡುವೆ ಹರಡಿದಳು.

ಮೊದಲು ಬಾಯಿಬಿಟ್ಟವನು ಅಣ್ಣ. "ಇದನ್ನ ಎಲ್ಲಿಂದ ತಂದೆ?"

"ಇದೇನು ಅಂತ ಕೇಳ್ಲಿಲ್ಲ ನೋಡು ನೀನು," ಅಂದಳು ಮರಿ.

ಅಣ್ಣ ನಾಲಿಗೆ ಕಚ್ಚಿಕೊಂಡ. ಅಮ್ಮ ಒಂದು ಹಾಳೆಯನ್ನು ಎತ್ತಿ, ಮೀನಿನ ರಸ ತಾಗದ ಹಾಗೆ ಪಕ್ಕಕ್ಕಿಟ್ಟಳು. ಆ ಗಳಿಗೆಯಲ್ಲೂ ಅವಳಿಗೆ ಕಾಗದ ಹಾಳಾಗಬಾರದು.

"ನಿನ್ನ ಅಣ್ಣನ ಹೆಸರಲ್ಲಿ ಯಾರೂ ಕೊಡ್ತಿರ್ಲಿಲ್ಲ," ಅಂದಳು. "ಬೈಕ್ ತಗೊಂಡು ಕಟ್ಟದೆ ಮೊದಲೇ ಹೆಸರು ಕೆಡಿಸ್ಕೊಂಡಿದ್ದ. ನನ್ನ ಹೆಸರಲ್ಲಿ ನಿಮ್ಮಜ್ಜಿ ಆಸ್ಪತ್ರೆ ಸಾಲ ಇತ್ತು. ನಿಮ್ಮಪ್ಪಂದು ಈ ಮನೇದು. ಉಳಿದಿದ್ದು ನೀನೊಬ್ಬಳೇ."

"ನಾನೇನು ಉಳಿದಿದ್ದ ಬಟ್ಟೆ ತುಂಡಾ ಅಮ್ಮಾ?"

"ಅವನು ಕೆಲಸ ಇಲ್ದೆ ಎರಡು ವರ್ಷ ಮನೇಲಿ ಬಿದ್ದಿದ್ದ. ಮೆಷಿನ್ ಬಂದ್ಮೇಲೆ ಮನುಷ್ಯ ಆದ. ಮನೆ ಒಂದೇ ಅಲ್ವಾ, ಹೆಸರು ಯಾರದಾದ್ರೇನು?"

"ಯಾರದಾದ್ರೇನು ಅಂದ್ರೆ? ಆ ಹೆಸರಿಗೆ ಯಾರೂ ಒಂದು ರೂಮ್ ಕೊಡ್ತಿಲ್ಲ! ಏಳು ಸಲ ತಡ ಮಾಡಿದೀರ."

"ಅದೆಲ್ಲ ಹಿಂದೆ," ಅಂದಳು ಅಮ್ಮ. ಅವಳ ದನಿಯಲ್ಲಿ ಸಮಾಧಾನಪಡಿಸುವ ಉತ್ಸಾಹ ಬಂತು. "ನೀನು ಕೆಲಸಕ್ಕೆ ಸೇರಿದ್ಮೇಲೆ ಒಂದು ಕಂತೂ ತಪ್ಪಿಲ್ಲ, ನೋಡು ಬೇಕಾದ್ರೆ."

ಮರಿ ನೋಡಬೇಕಿರಲಿಲ್ಲ. ತಾನು ತಿಂಗಳು ತಿಂಗಳು ಕೊಟ್ಟದ್ದೂ ಕಂತಿನ ಮೊತ್ತವೂ ಎಷ್ಟೆಂದು ಅವಳಿಗೆ ಗೊತ್ತಿತ್ತು. ಒಂದಕ್ಕೊಂದು ಸರಿಯಾಗಿ ಕೂತವು. ಹನ್ನೊಂದು ತಿಂಗಳು ಅವಳು ಹೊತ್ತದ್ದು ಮನೆಯನ್ನಲ್ಲ, ಆ ಹೊಲಿಗೆ ಯಂತ್ರವನ್ನು.

"ಹತ್ತು ತಿಂಗಳು ತಡಿ ಅಂದಿದ್ದು ಅದಕ್ಕಾ?"

ಅಮ್ಮ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು. ಮರಿ ಅಪ್ಪನ ಕಡೆ ತಿರುಗಿದಳು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವನ ಮೇಲೆ.

"ನಂಗೇನು ಗೊತ್ತು ಅಂದ್ಯಲ್ಲಪ್ಪಾ. ಮೆಟ್ಟಿಲ ಮೇಲೆ."

"ಗುರುತು ಹಾಕಿದ್ಲು, ಸಹಿ ಹಾಕ್ದೆ ಮರೀ. ನಾನ್ಯಾವತ್ತು ಓದಿದೀನಿ?" ಅಪ್ಪ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಸಾಲು ಮುಗಿದ ಮೇಲೆ ಅವನೇ ಹೇಳಿದ. "ಮೇಲ್ಗಡೆ ನಿನ್ನ ಹೆಸರಿತ್ತು. ಅದೊಂದು ಓದ್ದೆ."

"ಓದಿ?"

"ಓದಿ, ಹಾಕ್ದೆ."

ಯಾರೂ ಉಣ್ಣುತ್ತಿರಲಿಲ್ಲ. ಅಜ್ಜಿ ಹೊಸ ಹಲ್ಲನ್ನು ನಾಲಿಗೆಯಿಂದ ಒತ್ತಿ ಕೂರಿಸಿಕೊಂಡಳು.

"ಎಲ್ಲರಿಗೂ ಗೊತ್ತಿತ್ತು ಮಗಾ," ಅಂದಳು. "ನನಗೂ ಗೊತ್ತಿತ್ತು."

ಮರಿ ತಾನೇ ಕೂರಿಸಿದ ಹಲ್ಲಿನಲ್ಲಿ ಅಜ್ಜಿ ಮೊದಲ ಸಲ ಆಡಿದ ಮಾತು ಅದು. ಒಂದಕ್ಷರವೂ ತೊದಲಲಿಲ್ಲ.

ಮುಂದಿನ ವಾರವಿಡೀ ಮನೆಯಲ್ಲಿ ಎರಡು ಅಡುಗೆ. ಮರಿ ಕೆಲಸದಿಂದ ಬಂದು ತನ್ನ ಪಾಡಿಗೆ ಎರಡು ಮೊಟ್ಟೆ ಬೇಯಿಸಿಕೊಂಡು, ಒಲೆಯ ಬಳಿ ನಿಂತೇ ತಿಂದು, ತನ್ನ ತಟ್ಟೆ ತಾನು ತೊಳೆದಿಡುತ್ತಿದ್ದಳು. ಅಮ್ಮ ಅವಳ ಪಾಲಿನ ಅನ್ನವನ್ನು ಮುಚ್ಚಿಡುತ್ತಿದ್ದಳು, ಬೆಳಿಗ್ಗೆ ತಾನೇ ತಿನ್ನುತ್ತಿದ್ದಳು. ಅಜ್ಜಿ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಗೊರಕೆ ಕೂಡ ನಿಂತುಹೋಗಿತ್ತು. ಅಂದರೆ ಮುದುಕಿಗೆ ನಿದ್ದೆ ಬರುತ್ತಿರಲಿಲ್ಲ.

ಮರಿ ಅಣ್ಣನ ಕಾರ್ಖಾನೆಗೂ ಹೋದಳು. ಕಾರ್ಖಾನೆ ಅಂದರೆ ಒಂದು ಗ್ಯಾರೇಜು, ಮೂಲೆಯಲ್ಲಿ ಹತ್ತಿಯ ಗುಡ್ಡೆ, ಹೊಟ್ಟೆ ಬಗೆದ ನಾಲ್ಕು ಸೋಫಾ. ನಡುವೆ ಆ ಯಂತ್ರ. ಹಸಿರು ಬಣ್ಣದ್ದು, ಚೆನ್ನಾಗಿ ಎಣ್ಣೆ ಹಾಕಿಸಿಕೊಂಡು ಮಿರುಗುತ್ತಿತ್ತು. ಅಣ್ಣ ಸೋಮಾರಿಯಂತೂ ಅಲ್ಲ, ಅದನ್ನು ಹೇಳಲೇಬೇಕು. ಬೆರಳ ತುದಿಗಳೆಲ್ಲ ಸೂಜಿ ತಿಂದು ಗಟ್ಟಿಯಾಗಿದ್ದವು.

"ಸಾಲ ನಿನ್ನ ಹೆಸರಿಗೆ ಮಾಡಿಸ್ಕೋ," ಅಂದಳು ಮರಿ.

"ಮಾಡಿಸ್ಕೋತಿದ್ದೆ. ಯಾರೂ ಒಪ್ಪಲ್ಲ."

"ಹಾಗಿದ್ರೆ ವ್ಯಾನ್ ಮಾರು."

"ವ್ಯಾನ್ ಮಾರಿದ್ರೆ ಸೋಫಾನ ತಲೆ ಮೇಲೆ ಹೊರ್ಲಾ?" ಅಣ್ಣ ನಗಲು ನೋಡಿದ, ಅವಳ ಮುಖ ಕಂಡು ಬಿಟ್ಟ. "ಹೋಟೆಲ್ಲಿನೋರು ಇಪ್ಪತ್ತು ಕುರ್ಚಿ ದುಡ್ಡು ಕೊಡ್ಬೇಕು. ಬರೋ ತಿಂಗಳು ಬರತ್ತೆ. ಮರೀ, ನಾನು ಕೇಳ್ಲಿಲ್ಲ ಕಣೇ. ಅಮ್ಮ ಕೊಟ್ಟಳು, ತಗೊಂಡೆ."

"ಮೂರು ವರ್ಷ ಎದುರುಗಡೆ ಕೂತು ಉಂಡಿದೀಯಲ್ಲೋ. ಒಂದು ದಿನ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು," ಅಂದ ಅಣ್ಣ. "ಮೊದಲ ಸಂಬಳದಲ್ಲಿ ನನಗೆ ಶರ್ಟ್ ತಂದ್ಯಲ್ಲ, ಅವತ್ತು ತುಂಬಾ ಅನ್ನಿಸ್ತು."

ಅವನು ತೊಟ್ಟಿದ್ದದ್ದು ಅದೇ ಶರ್ಟು. ಅದನ್ನು ನೋಡಿದ್ದೇ ಮರಿಗೆ ಅಳು ನುಗ್ಗಿ ಬಂತು, ಬಾಗಿಲು ದಾಟುವವರೆಗೂ ತಡೆದುಕೊಂಡಳು.

ಬುಧವಾರ ಪಾಠ ಮುಗಿದ ಮೇಲೆ ಅವಳು ಹಿಂದೆ ಉಳಿದಳು. ಬ್ಯಾಂಕ್ ಮೇಡಂ ಹಾಳೆಗಳನ್ನು ನೋಡಿ ಯಾರನ್ನೂ ಬೈಯಲಿಲ್ಲ. ಇಂಥವನ್ನು ಮೊದಲೂ ಕಂಡಿದ್ದಳೆಂದು ತೋರುತ್ತದೆ.

"ಎರಡು ದಾರಿ ಇದೆ. ಮೋಸ ಮಾಡಿ ಸಹಿ ಹಾಕಿಸ್ಕೊಂಡ್ರು ಅಂತ ದೂರು ಕೊಡು. ನಿನ್ನ ಹೆಸರು ಶುದ್ಧ ಆಗ್ಬಹುದು. ಆದ್ರೆ ಅರ್ಜಿ ಬರೆದೋರು ಯಾರು ಅಂತ ಬರತ್ತೆ. ನಿಮ್ಮ ತಾಯಿಗೆ ಆ ವರಾಂಡದಲ್ಲಿ ಮೇಜು ಉಳಿಯಲ್ಲ."

"ಇನ್ನೊಂದು?"

"ಇನ್ನೊಂದು, ಹತ್ತು ಕಂತನ್ನೂ ಅವರೇ ಕಟ್ಟಬೇಕು ಅಂತ ಬರೆಸ್ಕೋ. ತಡ ಆಗದ ಹಾಗೆ ನೋಡ್ಕೋ. ವರದಿ ಸುಧಾರಿಸೋಕೆ ಒಂದೆರಡು ವರ್ಷ ಹಿಡಿಯತ್ತೆ." ಮೇಡಂ ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡಳು. "ಯಾವುದು ಸರಿ ಅಂತ ನಾನು ಹೇಳಲ್ಲಮ್ಮ. ನಾನು ಕಲಿಸೋದು ಲೆಕ್ಕ."

ಮೂವತ್ತನೇ ತಾರೀಖು ಮರಿ ಹೇರ್‌ಕಟಿಂಗ್ ಅಂಗಡಿಗೆ ಹೋಗಿ ರೂಮು ಬೇಡವೆಂದು ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು, ಹೇಳಲಿಲ್ಲ. ಹೊರಗಿನವರೆದುರು ಅಮ್ಮನ ಮಾನ ಕಳೆಯಲು, ಅಷ್ಟೆಲ್ಲ ಆದರೂ, ಮನಸ್ಸು ಬರಲಿಲ್ಲ. ನರ್ಸು ಅವತ್ತೇ ಸಂಜೆ ಪೆಟ್ಟಿಗೆ ತಂದಳು. ಮರಿ ಬಸ್ಸಿನಿಂದ ಅದನ್ನು ಕಂಡಳು. ಮೇಲಿನ ಕಿಟಕಿಗೆ ಆಗಲೇ ಹಳದಿ ಪರದೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಅಜ್ಜಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದ. ಅಣ್ಣ ಕೆಲಸಕ್ಕೆ ಹೋಗಿದ್ದ. ಅಮ್ಮ ಊಟದ ಮೇಜಿನ ಮೇಲೆ ಹುರುಳಿಕಾಯಿ ಹೆಚ್ಚುತ್ತಿದ್ದಳು. ಮರಿ ಚಹಾ ಮಾಡಿ ಎರಡು ಲೋಟ ತಂದಳು. ಎರಡು ವಾರದಲ್ಲಿ ಮೊದಲ ಸಲ ಅಮ್ಮನಿಗೂ ಸೇರಿಸಿ ಮಾಡಿದ್ದು. ಅಮ್ಮನ ಮುಖ ಅರಳಿತು. ಆಮೇಲೆ ಮರಿ ಲೋಟಗಳ ನಡುವಿನಿಂದ ಒಂದು ಕಾಗದ ಜಾರಿಸಿದಳು. ಕೆಳಗಡೆ ಬಲ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಗುಣಿಸುವ ಗುರುತು.

"ಗುರುತು ಹಾಕಿದ ಕಡೆ ಹಾಕಮ್ಮಾ," ಅಂದಳು.

ಅಮ್ಮ ಕೈ ಒರೆಸಿಕೊಂಡಳು. ಮರಿ ಪೆನ್ನು ಮುಂದೆ ಹಿಡಿದಳು. ಅಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಎದ್ದುಹೋಗಿ ಚೀಲದಿಂದ ಕನ್ನಡಕ ತಂದಳು. ಅದನ್ನು ಸೆರಗಿನಿಂದ ಒರೆಸಿ, ಮೂಗಿನ ಮೇಲೆ ಕೂರಿಸಿ, ಕಾಗದವನ್ನು ಬೆಳಕಿಗೆ ತಿರುಗಿಸಿಕೊಂಡಳು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಹತ್ತು ಕಂತುಗಳನ್ನೂ ತಾನೇ ಪೂರ್ತಿಯಾಗಿ ಕಟ್ಟುವೆನೆಂದು. ಮಗಳ ಸಂಬಳ ಅದಕ್ಕೆ ಸೇರುವುದಿಲ್ಲವೆಂದು. ಒಂದು ಕಂತು ತಪ್ಪಿದರೂ ವ್ಯಾನು ಮಾರಲು ಮಗಳಿಗೆ ಹಕ್ಕಿದೆಯೆಂದು. ಕೊನೆಗೆ ಬಂದು, ಮತ್ತೆ ಮೇಲಿನಿಂದ ಶುರುಮಾಡಿದಳು. ಚಹಾದ ಮೇಲೆ ಕೆನೆ ಕಟ್ಟಿತು.

"ಪೂರ್ತಿಯಾಗಿ ಅಂತ ಯಾಕೆ ಬರೆದೆ? ಅಣ್ಣನೂ ಕೊಡ್ತಾನೆ ಅರ್ಧ."

"ನೀನೇ ಅವನ ಹತ್ರ ಬೇರೆ ಬರೆಸ್ಕೋ."

"ತಾರೀಖು ಹಾಕಿಲ್ಲ ನೀನು. ತಾರೀಖಿಲ್ದೆ ಇದು ನಿಲ್ಲಲ್ಲ." ಅಮ್ಮ ತಾನೇ ದುಂಡನೆಯ ಅಕ್ಷರದಲ್ಲಿ ತಾರೀಖು ಬರೆದಳು. ಮೂರನೇ ಸಲ ಓದತೊಡಗಿದಳು.

"ಎಷ್ಟು ಸಲ ಓದ್ತೀಯಮ್ಮಾ? ನಾನು ತಾನೆ ಬರೆದಿದ್ದು. ನನ್ನ ಮೇಲೆ ನಂಬಿಕೆ ಇಲ್ವಾ?"

"ಹಾಗಲ್ಲ," ಅಂದಳು ಅಮ್ಮ, ಕಣ್ಣು ಕಾಗದದಿಂದ ತೆಗೆಯದೆ. "ಓದದೆ ಸಹಿ ಹಾಕ್..."

ಅಲ್ಲಿಗೆ ನಿಲ್ಲಿಸಿದಳು. ತಲೆ ಎತ್ತಲಿಲ್ಲ. ಬೆರಳು ಮೂರನೇ ಸಾಲಿನ ಕೆಳಗೇ ಉಳಿಯಿತು.

"ಅವತ್ತು ನನಗೂ ಇಷ್ಟು ಹೇಳ್ಬಹುದಿತ್ತು," ಅಂದಳು ಮರಿ.

ಅಮ್ಮ ಸಹಿ ಹಾಕಿದಳು. ರಬ್ಬರು ತೆಗೆದು ಗುರುತು ಅಳಿಸಿದಳು. ಊದಲು ಮರೆತಳು, ರಬ್ಬರಿನ ಪುಡಿ ಕಾಗದದ ಮೇಲೇ ಇತ್ತು.

"ಹೇಳಿದ್ರೆ ನೀನು ಸಹಿ ಹಾಕ್ತಿದ್ಯಾ?" ಎಂದು ಕೇಳಿದಳು. ಅದೊಂದು ಜಗಳದ ಪ್ರಶ್ನೆಯಾಗಿರಲಿಲ್ಲ. ಮೂರು ವರ್ಷದಿಂದ ತನಗೆ ತಾನೇ ಕೊಟ್ಟುಕೊಂಡಿದ್ದ ಸಮಾಧಾನ ಅದು, ಅವಳ ಬಳಿ ಉಳಿದಿದ್ದದ್ದೂ ಅದೊಂದೇ.

"ಹಾಕ್ತಿದ್ದೆ ಅಮ್ಮಾ," ಅಂದಳು ಮರಿ. "ಓದಿ, ಹಾಕ್ತಿದ್ದೆ."

ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮರಿ ಪುಡಿ ಕೊಡವಿ, ಕಾಗದವನ್ನು ನಾಲ್ಕಾಗಿ ಮಡಿಸಿ, ತನ್ನ ಚೀಲದಲ್ಲಿಟ್ಟುಕೊಂಡಳು.